ರೋಧ ಹೆಚ್ಚಿದರೆ ಕಾವು ಏರುವುದೇ, ಇಳಿಯುವುದೇ?

ವಿದ್ಯುತ್ತಿನ ಪಾಠವನ್ನು ಓದಿದ ವಿದ್ಯಾರ್ಥಿಗಳಿಗೆಲ್ಲ ಎರಡು ಸೂತ್ರಗಳು ಬಾಯಿಪಾಠವಾಗಿರುತ್ತವೆ. ತಂತಿಯೊಂದರಲ್ಲಿ ಪ್ರತಿ ಸೆಕೆಂಡಿಗೆ ಹುಟ್ಟುವ ಶಾಖವು ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು ಎಂಬುದು ಮೊದಲನೆಯದು. ಅದೇ ಶಾಖವು ವಿಭವಾಂತರದ ವರ್ಗವನ್ನು ರೋಧದಿಂದ ಭಾಗಿಸಿದಷ್ಟು ಎಂಬುದು ಎರಡನೆಯದು. ಮೊದಲನೆಯದನ್ನು ನಂಬಿದರೆ ರೋಧ ಹೆಚ್ಚಿದಷ್ಟೂ ಶಾಖ ಹೆಚ್ಚಬೇಕು. ಎರಡನೆಯದನ್ನು ನಂಬಿದರೆ ರೋಧ ಹೆಚ್ಚಿದಷ್ಟೂ ಶಾಖ ಕಡಮೆಯಾಗಬೇಕು. ಒಂದೇ ಪುಟದಲ್ಲಿ ಅಕ್ಕಪಕ್ಕ ಅಚ್ಚಾಗಿರುವ ಇವೆರಡರಲ್ಲಿ ಯಾವುದು ನಿಜ? ಅಂಕಿಗಳನ್ನು ತುಂಬಿ ಉತ್ತರ ಬರೆದು ಮುಗಿಸುವವರಿಗೆ ಈ ಸಂದೇಹ ಏಳುವುದಿಲ್ಲ. ಆದರೆ ಬಚ್ಚಲುಮನೆಯ ಪ್ಲಗ್ಗು ಕಪ್ಪಾಗಿ ಸುಟ್ಟ ವಾಸನೆ ಬಂದಾಗ, ಅಥವಾ ತೋಟದ ಪಂಪು ಮೇಲಿಂದ ಮೇಲೆ ಕೆಟ್ಟು ಕುಳಿತಾಗ, ಕಾರಣವನ್ನು ಹುಡುಕುವವನು ಈ ಪ್ರಶ್ನೆಯನ್ನು ಎದುರಿಸಲೇಬೇಕಾಗುತ್ತದೆ.

ಮೊದಲು ಪದಗಳ ಅರ್ಥವನ್ನು ಖಚಿತಮಾಡಿಕೊಳ್ಳೋಣ. ತಂತಿಯ ಒಂದು ಸ್ಥಾನವನ್ನು ಒಂದು ಸೆಕೆಂಡಿನಲ್ಲಿ ಒಂದು ಕೂಲಂನಷ್ಟು ವಿದ್ಯುದಾವೇಶ ದಾಟಿದರೆ ಆ ಪ್ರವಾಹಕ್ಕೆ ಒಂದು ಆಂಪಿಯರ್ ಎಂದು ಹೆಸರು. ಒಂದು ಕೂಲಂ ಆವೇಶವು ತಂತಿಯ ಈ ಕೊನೆಯಿಂದ ಆ ಕೊನೆಗೆ ಸಾಗುವಾಗ ಒಂದು ಜೂಲ್ ಶಕ್ತಿಯನ್ನು ಬಿಟ್ಟುಕೊಟ್ಟರೆ ಆ ಕೊನೆಗಳ ನಡುವಣ ವಿಭವಾಂತರ ಒಂದು ವೋಲ್ಟ್. ಈ ಎರಡು ವಾಕ್ಯಗಳನ್ನು ಕೂಡಿಸಿ ಓದಿದರೆ ಮೂರನೆಯದು ತಾನಾಗಿಯೇ ದೊರೆಯುತ್ತದೆ. ಪ್ರತಿ ಕೂಲಂಗೆ ಇಷ್ಟು ಜೂಲ್, ಪ್ರತಿ ಸೆಕೆಂಡಿಗೆ ಇಷ್ಟು ಕೂಲಂ. ಎರಡನ್ನೂ ಗುಣಿಸಿದರೆ ಪ್ರತಿ ಸೆಕೆಂಡಿಗೆ ಇಷ್ಟು ಜೂಲ್. ಸೆಕೆಂಡಿಗೆ ಒಂದು ಜೂಲ್ ಎಂಬುದನ್ನೇ ಒಂದು ವ್ಯಾಟ್ ಎನ್ನುತ್ತೇವೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್ ಬರುವುದೆಂಬುದು ಪ್ರಯೋಗದಿಂದ ಕಂಡುಹಿಡಿದ ನಿಯಮವಲ್ಲ. ಅದು ಪದಗಳ ಅರ್ಥದಲ್ಲಿಯೇ ಅಡಗಿದೆ. ನೀರಿನ ಕೊಳಾಯಿಯ ಹೋಲಿಕೆಯನ್ನು ಬಹುತೇಕ ಎಲ್ಲ ಪುಸ್ತಕಗಳೂ ಈ ಸ್ಥಳದಲ್ಲಿ ಕೊಡುತ್ತವೆ. ಅದರಿಂದ ತಿಳಿವು ಬೆಳೆಯುವುದಕ್ಕಿಂತ ಗೊಂದಲವೇ ಹೆಚ್ಚೆಂದು ನಮಗೆ ತೋರುವುದರಿಂದ ಇಲ್ಲಿ ಅದನ್ನು ಬಿಟ್ಟಿದ್ದೇವೆ.

ಪ್ರಯೋಗದಿಂದಲೇ ತಿಳಿಯಬೇಕಾಗಿದ್ದ ಸಂಗತಿ ಬೇರೊಂದಿತ್ತು. ವಿಭವಾಂತರ ಇಮ್ಮಡಿಯಾದರೆ ಪ್ರವಾಹವೂ ಇಮ್ಮಡಿಯಾಗುವುದೇ? ಇದನ್ನು ಬಗೆಹರಿಸಿದವನು ಗಿಯೋರ್ಗ್ ಸೈಮನ್ ಓಮ್. ೧೭೮೯ರಲ್ಲಿ ಜರ್ಮನಿಯ ಎರ್ಲಾಂಗೆನ್ ನಗರದಲ್ಲಿ ಬೀಗ ಮಾಡುವ ಕುಶಲಕರ್ಮಿಯೊಬ್ಬನ ಮಗನಾಗಿ ಹುಟ್ಟಿದ ಈತನು ಕಲೋನ್ ನಗರದ ಶಾಲೆಯೊಂದರಲ್ಲಿ ಗಣಿತದ ಉಪಾಧ್ಯಾಯನಾಗಿದ್ದನು. ಅವನಿಗೆ ಬಂದೊದಗಿದ ಮೊದಲ ತೊಡಕು ವಿದ್ಯುತ್ಕೋಶಗಳದು. ಆಗಿನ ಕೋಶಗಳು ಬಳಸುತ್ತಿದ್ದಂತೆಯೇ ಸೊರಗುತ್ತಿದ್ದುದರಿಂದ ಅಳತೆ ಒಂದು ಸಲ ಬಂದಂತೆ ಇನ್ನೊಂದು ಸಲ ಬರುತ್ತಿರಲಿಲ್ಲ. ೧೮೨೬ರ ವೇಳೆಗೆ ಅವನು ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಕೋಶವನ್ನು ಬಿಟ್ಟು, ಬಿಸ್ಮತ್ ಮತ್ತು ತಾಮ್ರಗಳನ್ನು ಕೂಡಿಸಿದ ಉಷ್ಣಯುಗ್ಮವನ್ನು ಹಿಡಿದನು. ಅದರ ಒಂದು ಬೆಸುಗೆ ಕುದಿಯುವ ನೀರಿನಲ್ಲಿ, ಇನ್ನೊಂದು ಕರಗುತ್ತಿರುವ ಮಂಜುಗಡ್ಡೆಯಲ್ಲಿ. ಈ ಎರಡು ಉಷ್ಣತೆಗಳೂ ತಾವಾಗಿಯೇ ಕದಲದೆ ನಿಲ್ಲುವಂಥವು. ಆದುದರಿಂದ ಅವನ ವಿದ್ಯುನ್ಮೂಲವೂ ಕದಲಲಿಲ್ಲ. ಬೇರೆಬೇರೆ ಉದ್ದದ ಎಂಟು ತಾಮ್ರದ ತಂತಿಗಳನ್ನು ಒಂದಾದಮೇಲೊಂದರಂತೆ ಸೇರಿಸಿ, ಮೇಲೆ ತೂಗುಬಿಟ್ಟ ಕಾಂತದ ಸೂಜಿ ಎಷ್ಟು ತಿರುಗಿತೆಂಬುದರಿಂದ ಪ್ರವಾಹವನ್ನು ಅಳೆದನು. ೧೮೨೭ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಅವನ ನಾಡಿನಲ್ಲಿ ಅದಕ್ಕೆ ದೊರೆತ ಸ್ವಾಗತ ತಣ್ಣಗಿನದು. ಲಂಡನ್ನಿನ ರಾಯಲ್ ಸೊಸೈಟಿ ತನ್ನ ಕಾಪ್ಲೆ ಪದಕವನ್ನು ಅವನಿಗೆ ಕೊಟ್ಟಿದ್ದು ೧೮೪೧ರಲ್ಲಿ.

ಓಮನ ನಿಯಮವೆಂದರೆ ಇಷ್ಟೆ: ಉಷ್ಣತೆ ಬದಲಾಗದಿದ್ದರೆ ಲೋಹದ ತಂತಿಯ ವಿಭವಾಂತರವನ್ನು ಅದರ ಪ್ರವಾಹದಿಂದ ಭಾಗಿಸಿದಾಗ ಬರುವ ಭಾಗಲಬ್ಧ ಸ್ಥಿರವಾಗಿರುತ್ತದೆ. ಆ ಭಾಗಲಬ್ಧವೇ ರೋಧ. ಒಂದು ವೋಲ್ಟಿಗೆ ಒಂದು ಆಂಪಿಯರ್ ಹರಿಯಗೊಡುವ ತಂತಿಯ ರೋಧಕ್ಕೆ ಒಂದು ಓಮ್ ಎಂದು ಹೆಸರು. ಓಮ್, ವೋಲ್ಟ್, ಆಂಪಿಯರ್ ಎಂಬ ಮಾನಗಳನ್ನು ೧೮೮೧ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಮ್ಮೇಳನ ಅಂಗೀಕರಿಸಿತು. ಹೀಗೆ ವೋಲ್ಟ್, ಆಂಪಿಯರ್ ಎಂಬ ಎರಡು ಅಳತೆಗಳು ಕೈಯಲ್ಲಿದ್ದರೆ ಭಾಗಾಕಾರದಿಂದ ರೋಧವೂ ಗುಣಾಕಾರದಿಂದ ಸಾಮರ್ಥ್ಯವೂ ದೊರೆಯುತ್ತವೆ.

ಈಗ ಒಂದು ವಿದ್ಯುದೊಲೆಯನ್ನು ತೆಗೆದುಕೊಳ್ಳೋಣ. ಮಣ್ಣಿನ ಬಿಲ್ಲೆಯ ಗಾಡಿಯಲ್ಲಿ ನಿಕ್ರೋಮ್ ತಂತಿಯ ಸುರುಳಿ ಕೂಡಿಸಿದ, ವಿದ್ಯಾರ್ಥಿನಿಲಯಗಳಲ್ಲಿ ಮೇಲ್ವಿಚಾರಕರ ಕಣ್ಣು ತಪ್ಪಿಸಿ ಬಾಳುವ ಒಲೆ ಅದು. ಅದರ ಮೇಲೆ ೨೩೦ ವೋಲ್ಟ್, ೧೦೦೦ ವ್ಯಾಟ್ ಎಂದು ಬರೆದಿದೆ. ೧೦೦೦ವನ್ನು ೨೩೦ರಿಂದ ಭಾಗಿಸಿದರೆ ಪ್ರವಾಹ ೪.೩೫ ಆಂಪಿಯರ್. ೨೩೦ನ್ನು ೪.೩೫ರಿಂದ ಭಾಗಿಸಿದರೆ ರೋಧ ಸುಮಾರು ೫೨.೯ ಓಮ್. ಕೆಲವು ತಿಂಗಳ ಮೇಲೆ ಸುರುಳಿ ಒಂದೆಡೆ ತುಂಡಾಗುತ್ತದೆ. ಸುಟ್ಟ ತುದಿಗಳನ್ನು ಕತ್ತರಿಸಿ, ಉಳಿದುದನ್ನು ಹೊಸೆದು ಮತ್ತೆ ಹಚ್ಚುವುದು ವಾಡಿಕೆ. ಇದರಲ್ಲಿ ಹತ್ತನೆಯ ಒಂದು ಭಾಗ ಕಳೆದುಹೋಯಿತೆನ್ನೋಣ. ರೋಧ ೪೭.೬ ಓಮಿಗೆ ಇಳಿಯುತ್ತದೆ, ಪ್ರವಾಹ ೪.೮೩ ಆಂಪಿಯರಿಗೆ ಏರುತ್ತದೆ, ಸಾಮರ್ಥ್ಯ ೧೧೧೧ ವ್ಯಾಟ್ ಆಗುತ್ತದೆ. ಒಲೆ ಮೊದಲಿಗಿಂತ ಚುರುಕಾಯಿತೆಂದು ಯಜಮಾನನಿಗೆ ಸಂತೋಷ. ಆದರೆ ಮೊದಲು ಸುರುಳಿಯ ಹತ್ತು ಭಾಗಗಳಲ್ಲಿ ಒಂದೊಂದಕ್ಕೂ ೧೦೦ ವ್ಯಾಟ್ ಬರುತ್ತಿದ್ದುದು ಈಗ ಒಂಬತ್ತು ಭಾಗಗಳಲ್ಲಿ ಒಂದೊಂದಕ್ಕೂ ೧೨೩ ವ್ಯಾಟ್ ಬರುತ್ತಿದೆ. ತಂತಿ ಇನ್ನಷ್ಟು ಕೆಂಪಾಗಿ, ಇನ್ನಷ್ಟು ಬೇಗ ಮತ್ತೆ ತುಂಡಾಗುತ್ತದೆ. ಅರ್ಧ ಸುರುಳಿಯೇ ಉಳಿಯುವಷ್ಟು ದಿನ ಈ ರಿಪೇರಿ ನಡೆದರೆ ಪ್ರವಾಹ ೮.೭ ಆಂಪಿಯರ್, ಸಾಮರ್ಥ್ಯ ೨೦೦೦ ವ್ಯಾಟ್. ೬ ಆಂಪಿಯರಿನ ಸಾಧಾರಣ ಪ್ಲಗ್ಗು ಅದನ್ನು ತಡೆಯಲಾರದು.

ರೋಧ ಇಳಿದಾಗ ಶಾಖ ಹೆಚ್ಚಿತಲ್ಲವೇ? ಹಾಗಾದರೆ ಮೊದಲ ಸೂತ್ರ ತಪ್ಪೇ? ಅದರಲ್ಲಿಯೂ ಲೆಕ್ಕ ಹಾಕಿ ನೋಡೋಣ. ೪.೮೩ರ ವರ್ಗ ೨೩.೩, ಅದನ್ನು ೪೭.೬ರಿಂದ ಗುಣಿಸಿದರೆ ಬರುವುದು ಅದೇ ೧೧೧೧ರ ಆಸುಪಾಸು. ಎರಡು ಸೂತ್ರಗಳೂ ಒಂದೇ ಉತ್ತರವನ್ನು ಕೊಡುತ್ತವೆ, ಕೊಡಲೇಬೇಕು. ಏಕೆಂದರೆ ಎರಡೂ ವೋಲ್ಟ್ ಗುಣಿಸು ಆಂಪಿಯರ್ ಎಂಬುದರ ರೂಪಾಂತರಗಳು. ಎಡವುವುದು ಸೂತ್ರವಲ್ಲ. ರೋಧವನ್ನು ಬದಲಿಸಿದಾಗ ಪ್ರವಾಹ ಹಿಂದಿನಷ್ಟೇ ಇರುವುದೆಂದು ನಾವು ಮನಸ್ಸಿನಲ್ಲಿ ಮಾಡಿಕೊಂಡ ಊಹೆ ಎಡವುತ್ತದೆ. ಒಲೆಯ ವಿಷಯದಲ್ಲಿ ಬದಲಾಗದೆ ನಿಂತಿರುವುದು ಗೋಡೆಯ ಪ್ಲಗ್ಗಿನ ೨೩೦ ವೋಲ್ಟ್. ಅಲ್ಲಿ ಎರಡನೆಯ ಸೂತ್ರ ನೇರವಾಗಿ ಮಾತನಾಡುತ್ತದೆ.

ಪ್ರವಾಹವೇ ಸಮನಾಗಿರುವ ಸಂದರ್ಭಗಳೂ ಉಂಟು. ಹಳೆಯ ತಂತುದೀಪಗಳಲ್ಲಿ ೬೦ ವ್ಯಾಟಿನದೊಂದು, ೧೦೦ ವ್ಯಾಟಿನದೊಂದು ತೆಗೆದುಕೊಂಡು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ೧೦೦ ವ್ಯಾಟಿನದೆಂದು ಹೇಳುವವರೇ ಬಹುಮಂದಿ. ೬೦ ವ್ಯಾಟಿನ ದೀಪದ ರೋಧ ೮೮೨ ಓಮ್, ೧೦೦ ವ್ಯಾಟಿನದು ೫೨೯ ಓಮ್. ಎರಡರಲ್ಲಿಯೂ ಹರಿಯುವುದು ಒಂದೇ ಪ್ರವಾಹ, ಸುಮಾರು ೦.೧೬ ಆಂಪಿಯರ್. ಆದುದರಿಂದ ರೋಧ ಹೆಚ್ಚಾಗಿರುವ ೬೦ ವ್ಯಾಟಿನ ದೀಪಕ್ಕೆ ೨೩ ವ್ಯಾಟ್, ಇನ್ನೊಂದಕ್ಕೆ ೧೪ ವ್ಯಾಟ್. ಈ ಲೆಕ್ಕದಲ್ಲಿ ಸ್ವಲ್ಪ ಒರಟುತನವಿದೆಯೆಂಬುದನ್ನು ಒಪ್ಪಬೇಕು. ಕಾದ ಟಂಗ್‌ಸ್ಟನ್ ತಂತುವಿಗೂ ತಣ್ಣಗಿರುವ ತಂತುವಿಗೂ ರೋಧದಲ್ಲಿ ಹತ್ತು ಹನ್ನೆರಡು ಪಟ್ಟು ವ್ಯತ್ಯಾಸವಿರುತ್ತದೆ. ೬೦ ವ್ಯಾಟಿನ ದೀಪವನ್ನು ಕಳಚಿ ಓಮ್‌ಮೀಟರಿನಿಂದ ಅಳೆದರೆ ೮೮೨ರ ಬದಲು ಎಪ್ಪತ್ತರ ಸುಮಾರಿನ ಅಂಕಿ ಕಂಡು ಮೀಟರು ಕೆಟ್ಟಿದೆಯೆಂದು ಭ್ರಮಿಸುವುದುಂಟು. ಮೀಟರು ಸರಿಯಾಗಿಯೇ ಇದೆ. ಗುಂಡಿ ಒತ್ತಿದ ಮೊದಲ ಕ್ಷಣದಲ್ಲಿ ಈ ದೀಪವು ಮೂರು ಆಂಪಿಯರಿಗೂ ಮಿಗಿಲಾದ ಪ್ರವಾಹವನ್ನು ಸೆಳೆದು, ಸೆಕೆಂಡಿನ ಅಲ್ಪಭಾಗದಲ್ಲಿ ಕಾದು, ಕಾಲು ಆಂಪಿಯರಿಗೆ ಇಳಿಯುತ್ತದೆ. ಮುದಿಯಾದ ದೀಪಗಳು ಹಚ್ಚುವ ಗಳಿಗೆಯಲ್ಲಿಯೇ ಪಟ್ಟೆಂದು ಹೋಗುತ್ತಿದ್ದುದಕ್ಕೆ ಕಾರಣ ಇದು. ಇಂದು ಮನೆಮನೆಗೂ ಬಂದಿರುವ ಎಲ್.ಇ.ಡಿ. ದೀಪಕ್ಕೆ ಓಮನ ನಿಯಮವೇ ಅನ್ವಯಿಸುವುದಿಲ್ಲ. ಅದರ ವೋಲ್ಟನ್ನು ಆಂಪಿಯರಿನಿಂದ ಭಾಗಿಸಬಹುದು; ಆದರೆ ಬರುವ ಅಂಕಿ ಸ್ಥಿರವಾಗಿರದು.

ಇನ್ನು ಬಚ್ಚಲುಮನೆಯ ಪ್ಲಗ್ಗಿಗೆ ಬರೋಣ. ನಮ್ಮ ಪ್ರಶ್ನೆಯ ತಿರುಳೆಲ್ಲ ಇರುವುದು ಇಲ್ಲಿ. ೨೦೦೦ ವ್ಯಾಟಿನ ಗೀಸರೊಂದು ೨೩೦ ವೋಲ್ಟಿನಲ್ಲಿ ನಡೆಯುತ್ತಿದೆ. ಅದರ ರೋಧ ೨೬.೪೫ ಓಮ್, ಪ್ರವಾಹ ೮.೭ ಆಂಪಿಯರ್. ಪ್ಲಗ್ಗಿನೊಳಗಿನ ತಿರುಪು ಸಡಿಲವಾಗಿ ಆ ಕೂಡುವೆಡೆಯಲ್ಲಿ ಅರ್ಧ ಓಮ್ ರೋಧ ಹುಟ್ಟಿಕೊಂಡಿದೆಯೆಂದು ಭಾವಿಸೋಣ. ಒಟ್ಟು ರೋಧ ೨೬.೯೫ ಓಮ್. ಪ್ರವಾಹ ೮.೫ ಆಂಪಿಯರಿಗೆ ಇಳಿಯಿತು. ಇಳಿದುದು ಕಣ್ಣಿಗೆ ಕಾಣದಷ್ಟು. ಆ ಸಡಿಲ ಕೂಡುವೆಡೆಯಲ್ಲಿ ಹುಟ್ಟುವ ಶಾಖ ೮.೫ರ ವರ್ಗವನ್ನು ಅರ್ಧದಿಂದ ಗುಣಿಸಿದಷ್ಟು, ಎಂದರೆ ೩೬ ವ್ಯಾಟ್. ರೇಡಿಯೊ ದುರಸ್ತಿ ಮಾಡುವವರು ಸೀಸ ಕರಗಿಸಲು ಹಿಡಿಯುವ ಬೆಸುಗೆ ಸಲಾಕೆಗೆ ೨೫ ವ್ಯಾಟ್ ಸಾಕು. ಕಡಲೆಕಾಳಿನಷ್ಟು ಜಾಗದಲ್ಲಿ ಅದಕ್ಕಿಂತ ಹೆಚ್ಚಿನ ಕಾವು ಗೋಡೆಯೊಳಗೆ ಸದ್ದಿಲ್ಲದೆ ಹುಟ್ಟುತ್ತಿದೆ! ಅದೇ ಸಡಿಲ ಪ್ಲಗ್ಗಿಗೆ ೬೦ ವ್ಯಾಟಿನ ದೀಪವನ್ನು ಹಚ್ಚಿದ್ದರೆ ಅಲ್ಲಿ ಹುಟ್ಟುವ ಶಾಖ ಒಂದು ವ್ಯಾಟಿನ ಮೂವತ್ತನೆಯ ಒಂದು ಭಾಗ. ದೀಪಕ್ಕೆ ವರ್ಷಗಟ್ಟಲೆ ಒದಗಿದ ಪ್ಲಗ್ಗು ಗೀಸರಿಗೆ ಒಂದು ವಾರವೂ ಬಾಳದಿರುವುದರಲ್ಲಿ ಆಶ್ಚರ್ಯವಿಲ್ಲ.

ಕಾದ ಲೋಹಕ್ಕೆ ಕಿಟ್ಟ ಕಟ್ಟುತ್ತದೆ. ಕಿಟ್ಟದಿಂದ ರೋಧ ಮತ್ತಷ್ಟು ಬೆಳೆಯುತ್ತದೆ. ಕೂಡುವೆಡೆಯ ರೋಧವು ಗೀಸರಿನ ರೋಧಕ್ಕೆ ಸಮನಾಗಿ ೨೬.೪೫ ಓಮ್ ಆಯಿತೆನ್ನೋಣ. ಪ್ರವಾಹ ಅರ್ಧಕ್ಕೆ ಇಳಿದು ೪.೩೫ ಆಂಪಿಯರ್, ಕೂಡುವೆಡೆಯ ಶಾಖ ೫೦೦ ವ್ಯಾಟ್. ರೋಧ ೫೦೦ ಓಮ್ ಆಗಿದ್ದರೆ? ಪ್ರವಾಹ ೦.೪೪ ಆಂಪಿಯರ್, ಶಾಖ ೯೫ ವ್ಯಾಟ್. ೫೦೦೦ ಓಮ್ ಆಗಿದ್ದರೆ ಶಾಖ ಹತ್ತೂವರೆ ವ್ಯಾಟ್ ಮಾತ್ರ. ಅಂದರೆ ಒಂದೇ ಸ್ಥಾನದಲ್ಲಿ ರೋಧ ಸೊನ್ನೆಯಿಂದ ಬೆಳೆಯುತ್ತ ಹೋದಂತೆ ಶಾಖ ಮೊದಲು ಏರಿ, ತುತ್ತತುದಿಯನ್ನು ಮುಟ್ಟಿ, ಬಳಿಕ ಇಳಿಯುತ್ತದೆ. ಕೂಡುವೆಡೆಯ ರೋಧ ಅಲ್ಪವಾಗಿರುವಾಗ ಪ್ರವಾಹವನ್ನು ನಿರ್ಧರಿಸುವುದು ಗೀಸರು. ಸಡಿಲ ತಿರುಪಿಗೆ ಅದನ್ನು ಬದಲಿಸುವ ಶಕ್ತಿಯಿಲ್ಲ. ಆಗ ಮೊದಲ ಸೂತ್ರದ ಆಳ್ವಿಕೆ. ಕೂಡುವೆಡೆಯ ರೋಧ ಗೀಸರನ್ನು ಮೀರಿ ಬೆಳೆದಮೇಲೆ ೨೩೦ ವೋಲ್ಟಿನ ಬಹುಭಾಗವನ್ನು ಅದೇ ನುಂಗುತ್ತದೆ. ಪ್ರವಾಹವನ್ನು ಅದೇ ತಗ್ಗಿಸುತ್ತದೆ. ಆಗ ಎರಡನೆಯ ಸೂತ್ರದ ಆಳ್ವಿಕೆ. ನಿಜವಾದ ಪ್ಲಗ್ಗು ಆ ತುದಿಯನ್ನು ಮುಟ್ಟುವುದಕ್ಕೆ ಬಹಳ ಮುಂಚೆಯೇ ಕರಗಿಯೋ ಹೊತ್ತಿಕೊಂಡೋ ಹೋಗಿರುತ್ತದೆ.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಸಡಿಲ ಕೂಡುವೆಡೆಯಿಂದ ಪ್ರವಾಹ ಹೆಚ್ಚಲಿಲ್ಲ, ಕಡಮೆಯಾಯಿತು. ಫ್ಯೂಸಾಗಲಿ ಇಂದಿನ ಎಂ.ಸಿ.ಬಿ. ಆಗಲಿ ಹಾರುವುದು ಪ್ರವಾಹ ಮಿತಿಮೀರಿದಾಗ ಮಾತ್ರ. ಆದುದರಿಂದ ಈ ಅಪಾಯವನ್ನು ಅವು ತಡೆಯಲಾರವು. ಪ್ಲಗ್ಗು ಬಿಸಿಯಾಗಿದ್ದರೆ, ಬಣ್ಣ ಕಂದಿದ್ದರೆ, ಮುಖ್ಯ ಸ್ವಿಚ್ಚನ್ನು ಆರಿಸಿ ಬಲ್ಲವರಿಂದ ತಿರುಪು ಬಿಗಿಸುವುದು ಅಥವಾ ಪ್ಲಗ್ಗನ್ನೇ ಬದಲಿಸುವುದು ಒಂದೇ ದಾರಿ.

ಇಷ್ಟನ್ನು ಓದಿದವರಿಗೆ ಮನೆಯ ವಿದ್ಯುತ್ತನ್ನು ತಾವೇ ಅಳೆಯಬೇಕೆಂಬ ಆಸೆ ಹುಟ್ಟಬಹುದು. ಗೋಡೆಯ ವಿದ್ಯುತ್ತಿಗೆ ಮೀಟರಿನ ಕಡ್ಡಿ ಚುಚ್ಚುವ ಸಾಹಸವನ್ನು ವಿದ್ಯಾರ್ಥಿಗಳು ಮಾಡಕೂಡದು; ಪ್ರಯೋಗಶಾಲೆಯಲ್ಲಿ ಶುಷ್ಕಕೋಶಗಳಿವೆ. ಮನೆಯಲ್ಲಿ ಮುಟ್ಟದೆಯೇ ಅಳೆಯುವ ಉಪಾಯವೊಂದಿದೆ. ಈಗಿನ ವಿದ್ಯುತ್ ಮೀಟರುಗಳಲ್ಲಿ ಕೆಂಪು ದೀಪವೊಂದು ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕೆಂಬುದನ್ನು ಪಕ್ಕದಲ್ಲಿಯೇ ಬರೆದಿರುತ್ತಾರೆ. ೩೨೦೦ ಎಂದಿದ್ದರೆ, ಉಳಿದೆಲ್ಲವನ್ನೂ ಆರಿಸಿ ೧೦೦೦ ವ್ಯಾಟಿನ ಒಲೆಯೊಂದನ್ನೇ ಹಚ್ಚಿದಾಗ ನಿಮಿಷಕ್ಕೆ ೫೩ ಮಿಣುಕು ಎಣಿಸಬೇಕು. ೪೭ಕ್ಕಿಂತ ಹೆಚ್ಚು ಎಣಿಕೆಗೆ ಸಿಗದಿದ್ದರೆ ಸಾಮರ್ಥ್ಯ ಸುಮಾರು ೮೭೫ ವ್ಯಾಟ್, ೫೨.೯ ಓಮ್ ರೋಧಕ್ಕೆ ಅಷ್ಟು ಬರಬೇಕಾದರೆ ಮನೆಗೆ ಬರುತ್ತಿರುವ ವಿಭವಾಂತರ ೨೧೫ ವೋಲ್ಟ್ ಇರಬೇಕು. ವೋಲ್ಟ್‌ಮೀಟರಿಲ್ಲದೆ ವೋಲ್ಟನ್ನು ಅಳೆದಂತಾಯಿತು.

ಹಳ್ಳಿಯಿಂದ ಬರುವ ವಿದ್ಯಾರ್ಥಿಗಳಿಗೆ ತೋಟದ ಪಂಪಿನ ಲೆಕ್ಕ ಇದಕ್ಕಿಂತ ಉಪಯುಕ್ತವಾದೀತು. ಕಂಬದಿಂದ ಬಾವಿಗೆ ೨೦೦ ಮೀಟರ್ ದೂರ. ಹೋಗುವ ತಂತಿ, ಬರುವ ತಂತಿ ಸೇರಿ ೪೦೦ ಮೀಟರ್. ಹಿಂದಿರುಗುವ ತಂತಿಯನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವವರೇ ಹೆಚ್ಚು. ೨.೫ ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಾದರೆ ಅದರ ರೋಧ ಸುಮಾರು ೨.೭೫ ಓಮ್. ಪಂಪು ೭ ಆಂಪಿಯರ್ ಸೆಳೆದರೆ ದಾರಿಯಲ್ಲಿಯೇ ೧೯ ವೋಲ್ಟ್ ಕಳೆದು, ೧೩೫ ವ್ಯಾಟ್ ತಂತಿಯನ್ನು ಕಾಯಿಸುವುದಕ್ಕೆ ವ್ಯಯವಾಗುತ್ತದೆ. ಪಂಪಿಗೆ ಮುಟ್ಟುವುದು ೨೧೧ ವೋಲ್ಟ್. ಒಲೆಯಾಗಿದ್ದರೆ ವೋಲ್ಟ್ ಇಳಿದಂತೆ ತಾನೂ ಕಡಮೆ ಸೆಳೆದು ಸುಮ್ಮನಾಗುತ್ತಿತ್ತು. ಮೋಟಾರಿನ ಸ್ವಭಾವ ಬೇರೆ. ನೀರನ್ನು ಅಷ್ಟೇ ಎತ್ತರಕ್ಕೆ ಎತ್ತಬೇಕಾದ ಮೋಟಾರು ವೋಲ್ಟ್ ಕುಗ್ಗಿದಾಗ ಸಾಮಾನ್ಯವಾಗಿ ಹೆಚ್ಚು ಪ್ರವಾಹವನ್ನು ಸೆಳೆಯುತ್ತದೆ. ಪ್ರವಾಹ ಹೆಚ್ಚಿದಷ್ಟೂ ತಂತಿಯಲ್ಲಿ ಕಳೆಯುವ ವೋಲ್ಟ್ ಮತ್ತಷ್ಟು ಹೆಚ್ಚುತ್ತದೆ. ಒಳಗಿನ ಸುತ್ತುತಂತಿ ಕಾಯುತ್ತ ಹೋಗಿ ಒಂದು ದಿನ ಸುಟ್ಟುಹೋಗುತ್ತದೆ. ೪ ಚದರ ಮಿಲಿಮೀಟರಿನ ತಂತಿಯನ್ನು ಎಳೆದಿದ್ದರೆ ಕಳೆಯುವುದು ೧೨ ವೋಲ್ಟ್, ೮೪ ವ್ಯಾಟ್ ಮಾತ್ರ. ಇಲ್ಲೊಂದು ಎಚ್ಚರಿಕೆ: ಪರ್ಯಾಯ ಪ್ರವಾಹದಲ್ಲಿ ಓಡುವ ಮೋಟಾರಿನ ವೋಲ್ಟನ್ನೂ ಆಂಪಿಯರನ್ನೂ ಗುಣಿಸಿದ ಮಾತ್ರಕ್ಕೆ ನಿಜವಾದ ವ್ಯಾಟ್ ಬರುವುದಿಲ್ಲ. ಎರಡೂ ಒಂದೇ ಕ್ಷಣದಲ್ಲಿ ತುದಿ ಮುಟ್ಟದಿರುವುದರಿಂದ ಗುಣಲಬ್ಧಕ್ಕಿಂತ ವ್ಯಾಟ್ ಕಡಮೆ ಇರುತ್ತದೆ. ತಂತಿಯಲ್ಲಿ ಕಳೆಯುವ ಶಾಖಕ್ಕೆ ಮಾತ್ರ ಪ್ರವಾಹದ ವರ್ಗದ ಸೂತ್ರ ಚಾಚೂ ತಪ್ಪದೆ ಅನ್ವಯಿಸುತ್ತದೆ.

ಇದೇ ಲೆಕ್ಕ ೨೦೦ ಮೀಟರಿಗೆ ಬದಲಾಗಿ ೧೪೭ ಕಿಲೋಮೀಟರ್ ದೂರಕ್ಕೆ ಮೈಸೂರು ಸಂಸ್ಥಾನದ ಮುಂದೆ ಬಂದಿತ್ತು. ಕಾವೇರಿಯ ಶಿವನಸಮುದ್ರದಲ್ಲಿ ಬೀಳುವ ನೀರಿದೆ. ಕೋಲಾರದ ಚಿನ್ನದ ಗಣಿಗಳಲ್ಲಿ ಶಕ್ತಿಯ ಬೇಡಿಕೆಯಿದೆ. ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ, ಕ್ಯಾಪ್ಟನ್ ಡಿ ಲಾಟ್‌ಬಿನಿಯರ್ ಅವರ ನೇತೃತ್ವದಲ್ಲಿ ನಡೆದ ಕಾರ್ಯದ ಫಲವಾಗಿ ೧೯೦೨ರ ಜೂನ್ ೩೦ರಂದು ಅಲ್ಲಿಂದ ಇಲ್ಲಿಗೆ ವಿದ್ಯುತ್ತು ಹರಿಯಿತು. ಆ ಕಾಲಕ್ಕೆ ಪ್ರಪಂಚದ ಅತಿ ಉದ್ದದ ವಿದ್ಯುನ್ಮಾರ್ಗಗಳಲ್ಲಿ ಅದೂ ಒಂದು. ಅದೇ ಕೇಂದ್ರದ ವಿದ್ಯುತ್ತು ೧೯೦೫ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಗಣಿಗಳ ಮಾರ್ಗದ ವಿಭವಾಂತರ ಸುಮಾರು ೩೫,೦೦೦ ವೋಲ್ಟ್. ಅಷ್ಟೇಕೆ?

ಲೆಕ್ಕ ಸರಳವಾಗಲೆಂದು ನಾವು ಒಂದು ಕಲ್ಪಿತ ಮಾರ್ಗವನ್ನು ತೆಗೆದುಕೊಳ್ಳೋಣ. ಹೋಗುವ, ಬರುವ ತಂತಿಗಳ ಒಟ್ಟು ರೋಧ ೧೦೦ ಓಮ್. ಕಳುಹಿಸಬೇಕಾದ ಸಾಮರ್ಥ್ಯ ೧೦೦೦ ಕಿಲೋವ್ಯಾಟ್. ನಿಜವಾದ ಮಾರ್ಗದಲ್ಲಿ ಮೂರು ತಂತಿಗಳ ವ್ಯವಸ್ಥೆಯಿದ್ದಿತಾದರೂ ತತ್ತ್ವ ಬೇರೆಯಾಗುವುದಿಲ್ಲ. ೩೫,೦೦೦ ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ ೨೮.೬ ಆಂಪಿಯರ್. ದಾರಿಯಲ್ಲಿ ಕಳೆಯುವುದೆಷ್ಟು? ಇಲ್ಲಿ ಕೆಲವರು ೩೫,೦೦೦ದ ವರ್ಗವನ್ನು ೧೦೦ರಿಂದ ಭಾಗಿಸಿ ೧೨,೨೫೦ ಕಿಲೋವ್ಯಾಟ್ ಎಂದು ಬರೆಯುತ್ತಾರೆ. ಕಳುಹಿಸಿದ್ದಕ್ಕಿಂತ ಹನ್ನೆರಡು ಪಟ್ಟು ಹೆಚ್ಚು ದಾರಿಯಲ್ಲಿ ಕಳೆದುಹೋಗುವುದಾದರೂ ಹೇಗೆ? ೩೫,೦೦೦ ವೋಲ್ಟ್ ಇರುವುದು ಒಂದು ತಂತಿಗೂ ಇನ್ನೊಂದಕ್ಕೂ ನಡುವೆ. ತಂತಿಯ ಈ ಕೊನೆಗೂ ಆ ಕೊನೆಗೂ ನಡುವೆ ಅಲ್ಲ. ತಂತಿಗಳ ಉದ್ದಕ್ಕೂ ಕಳೆಯುವ ವಿಭವಾಂತರ ೨೮.೬ ಗುಣಿಸು ೧೦೦, ಎಂದರೆ ೨,೮೬೦ ವೋಲ್ಟ್ ಮಾತ್ರ. ಎರಡನೆಯ ಸೂತ್ರಕ್ಕೆ ಈ ಅಂಕಿಯನ್ನು ಕೊಡಿ, ಮೊದಲ ಸೂತ್ರಕ್ಕೆ ೨೮.೬ನ್ನು ಕೊಡಿ; ಎರಡೂ ೮೨ ಕಿಲೋವ್ಯಾಟ್ ಎನ್ನುತ್ತವೆ. ನೂರಕ್ಕೆ ಎಂಟರಷ್ಟು ನಷ್ಟ, ಸಹಿಸಬಹುದಾದದ್ದು.

ಇದೇ ತಂತಿಗಳಲ್ಲಿ ೩,೫೦೦ ವೋಲ್ಟಿನಿಂದ ಕಳುಹಿಸಲು ಹೊರಟಿದ್ದರೆ? ೧೦೦೦ ಕಿಲೋವ್ಯಾಟಿಗೆ ೨೮೬ ಆಂಪಿಯರ್ ಬೇಕು. ಆದರೆ ಕೋಲಾರದ ಕೊನೆಯಲ್ಲಿ ತಂತಿಗಳೆರಡನ್ನೂ ಒಂದಕ್ಕೊಂದು ಮುಟ್ಟಿಸಿಬಿಟ್ಟರೂ ೧೦೦ ಓಮಿನ ಮೂಲಕ ೩೫ ಆಂಪಿಯರಿಗಿಂತ ಹೆಚ್ಚು ಹರಿಯದು. ಹರಿದುದೆಲ್ಲ ದಾರಿಯನ್ನು ಕಾಯಿಸುವುದಕ್ಕೇ ಸಲ್ಲುತ್ತದೆ. ಗಣಿಗೆ ಅತ್ಯಂತ ಹೆಚ್ಚು ಸಾಮರ್ಥ್ಯ ಮುಟ್ಟುವುದು, ಸಡಿಲ ಪ್ಲಗ್ಗಿನ ಲೆಕ್ಕದಲ್ಲಿ ಕಂಡಂತೆಯೇ, ಗಣಿಯ ಯಂತ್ರಗಳ ರೋಧವು ಮಾರ್ಗದ ರೋಧಕ್ಕೆ ಸಮನಾದಾಗ. ಆಗಲೂ ಅಲ್ಲಿ ದೊರೆಯುವುದು ೧,೭೫೦ ವೋಲ್ಟ್, ೧೭.೫ ಆಂಪಿಯರ್, ಸುಮಾರು ೩೧ ಕಿಲೋವ್ಯಾಟ್. ಸಾವಿರ ಕೇಳಿದವರಿಗೆ ಮೂವತ್ತೊಂದು!

ಮುಂದೆ ಸಂಸ್ಥಾನದ ದೀರ್ಘಮಾರ್ಗಗಳಲ್ಲಿ ೭೮,೦೦೦ ವೋಲ್ಟ್ ಬಳಕೆಗೆ ಬಂದಿತು. ನಮ್ಮ ಕಲ್ಪಿತ ಮಾರ್ಗದಲ್ಲಿ ಅದರಿಂದ ಪ್ರವಾಹ ೧೨.೮ ಆಂಪಿಯರಿಗೂ ನಷ್ಟ ೧೬ ಕಿಲೋವ್ಯಾಟಿಗೂ ಇಳಿಯುತ್ತದೆ. ಮೊದಲಿನದರ ಐದನೆಯ ಒಂದು ಭಾಗ. ಇಂದು ಕರ್ನಾಟಕದ ಬಯಲುಗಳಲ್ಲಿ ಕಾಣುವ ಎತ್ತರದ ಉಕ್ಕಿನ ಗೋಪುರಗಳಲ್ಲಿ ಕೆಲವು ೪,೦೦,೦೦೦ ವೋಲ್ಟಿನ ಮಾರ್ಗಗಳನ್ನು ಹೊತ್ತಿವೆ. ಅಷ್ಟರಲ್ಲಿ ನಮ್ಮ ೧೦೦೦ ಕಿಲೋವ್ಯಾಟನ್ನು ಕಳುಹಿಸಿದರೆ ನಷ್ಟ ೬೨೫ ವ್ಯಾಟ್, ಒಂದು ಇಸ್ತ್ರಿಪೆಟ್ಟಿಗೆಗೆ ಸಾಲುವಷ್ಟಕ್ಕಿಂತಲೂ ತುಸು ಕಡಮೆ. ಆದರೆ ಇಷ್ಟು ಅಲ್ಪ ಸಾಮರ್ಥ್ಯಕ್ಕಾಗಿ ಯಾರೂ ಅಂತಹ ಮಾರ್ಗವನ್ನು ಕಟ್ಟುವುದಿಲ್ಲ. ವೋಲ್ಟ್ ಏರಿದಂತೆ ಪಿಂಗಾಣಿ ಬಿಲ್ಲೆಗಳ ಸರಮಾಲೆ ಉದ್ದವಾಗಬೇಕು, ತಂತಿಗಳ ನಡುವಣ ಅಂತರ ಹೆಚ್ಚಬೇಕು, ಗೋಪುರಗಳು ಎತ್ತರವಾಗಬೇಕು; ಮಳೆಗಾಲದ ತೇವದಲ್ಲಿ ಅಡಿಯಲ್ಲ ನಿಂತವರಿಗೆ ಕೇಳಿಸುವ ಚಿಟಪಟ ಸದ್ದೂ ಗಾಳಿಗೆ ಸೋರುತ್ತಿರುವ ವಿದ್ಯುತ್ತಿನದೇ.